ದೊಡ್ಡಮ್ಮನ ಕಾಲಿನ ಬಿಳಿ ತುಂಡು

ಮೂಡುಬಿದಿರೆಯ ಕಾಲೇಜೊಂದರ ಲ್ಯಾಬಿನಲ್ಲಿ ನನ್ನ ಕೆಲಸ, ಮೂಳೆಗೆ ಬದಲಾಗಿ ಇಡುವ ಸೆರಾಮಿಕ್ ತುಂಡುಗಳನ್ನು ಮಾಡಿ, ಮುರಿದು ನೋಡುವುದು. ಪುಡಿ ಒಂದೇ, ನಮ್ಮ ಮೂಳೆಯಲ್ಲಿರುವ ಅದೇ ಖನಿಜ. ಅಚ್ಚಿನಲ್ಲಿ ಒತ್ತಿ ಜೋರು ಬೆಂಕಿಯಲ್ಲಿ ಸುಟ್ಟರೆ ಪಿಂಗಾಣಿಯ ಹಾಗೆ ಗಟ್ಟಿ. ಉಗುರಿನಿಂದ ತಟ್ಟಿದರೆ ಟಣ್ ಎನ್ನುತ್ತದೆ. ಅದೇ ಪುಡಿಯನ್ನು ನೀರಲ್ಲಿ ಕಲಸಿ, ಸ್ಪಂಜಿಗೆ ಕುಡಿಸಿ ಸುಟ್ಟರೆ ಸ್ಪಂಜು ಉರಿದುಹೋಗಿ ತೂತುಗಳು ಉಳಿಯುತ್ತವೆ. ಆ ತೂತುಗಳೊಳಗೆ ಮೈಯ ಮೂಳೆ ಬೆಳೆದು ಬರುತ್ತದೆ. ಗಟ್ಟಿಯದ್ದು ಮಾತ್ರ ಎಷ್ಟು ವರ್ಷವಾದರೂ ಮೈಯೊಳಗೆ ನೆಂಟನೇ.

ನಾರಾವಿಯ ದೊಡ್ಡಮ್ಮನ ಮೊಣಕಾಲಿನ ಕೆಳಗೆ, ಗಡ್ಡೆ ತೆಗೆದ ಜಾಗದಲ್ಲಿ ಇವೆರಡರಲ್ಲಿ ಯಾವುದೋ ಒಂದು ತುಂಡು ಇಟ್ಟಿದ್ದರು. ಅವರಿಗೆ ನೋವಿಗಿಂತ ಹೆದರಿಕೆ ಹೆಚ್ಚು. ಕಾರಣ, ದೊಡ್ಡಪ್ಪನ ತೊಡೆಯೊಳಗಿದ್ದ ಸ್ಟೀಲಿನ ಸರಳು. ಅವರ ಚಿತೆಯ ಬೂದಿಯಲ್ಲಿ ಎಲುಬು ಹೆಕ್ಕುವಾಗ ದೊಡ್ಡಮ್ಮನ ತಮ್ಮ, ಅಂದರೆ ನನ್ನ ಮಾವ, ಅದನ್ನು ಬೇರೆ ತೆಗೆದಿಟ್ಟಿದ್ದರು. ಮೈಯದ್ದಲ್ಲದ ವಸ್ತುವನ್ನು ಹೊಳೆಗೆ ಬಿಡುವ ಗಡಿಗೆಗೆ ಹಾಕುವ ಕ್ರಮ ನಮ್ಮಲ್ಲಿಲ್ಲ. ಬಿಸಾಡಲು ಯಾರಿಗೂ ಧೈರ್ಯವಿಲ್ಲ, ಮನೆಯೊಳಗಿಡಲು ಮನಸ್ಸಿಲ್ಲ. ಅದು ಬಚ್ಚಲಿನ ಹೊರಗೋಡೆಗೆ ಒರಗಿ ನಿಂತೇ ಇತ್ತು, ತುಕ್ಕೂ ಹಿಡಿಯದೆ. ಬಟ್ಟೆ ಒಗೆಯುವಾಗ ದೊಡ್ಡಮ್ಮ ಅದಕ್ಕೆ ಬೆನ್ನು ಹಾಕುತ್ತಿರಲಿಲ್ಲ.

"ನನ್ನದು ನನ್ನೊಟ್ಟಿಗೆ ಬರ್ತದಾ, ಅಲ್ಲ ಹೀಗೆ ಇಲ್ಲೇ ನಿಲ್ತದಾ?" ಎಂದು ಕೇಳುತ್ತಿದ್ದರು.

"ಅದನ್ನು ಹೇಗೆ ಮಾಡಿದ್ದಾರೆ ಎನ್ನುವುದರ ಮೇಲೆ ಉಂಟು ದೊಡ್ಡಮ್ಮ."

"ಅದನ್ನೇ ಮಾಡುವವನು ನೀನು. ಅಷ್ಟೂ ಗೊತ್ತಿಲ್ವಾ ಮಾರಾಯ?"

ಗೊತ್ತಿರಲಿಲ್ಲ. ಒಳಗಿಟ್ಟು ಹೊಲಿದದ್ದನ್ನು ತಟ್ಟಿ ನೋಡುವುದು ಹೇಗೆ?

ಕಳೆದ ವರ್ಷ ದೊಡ್ಡಮ್ಮ ತೀರಿಕೊಂಡರು. ಎಲುಬು ಹೆಕ್ಕುವ ಬೆಳಿಗ್ಗೆ ಮಾವ ತೋಟದ ಮೂಲೆಯ ಚಿತೆಯ ಬೂದಿಗೆ ನೀರು ಚಿಮುಕಿಸಿ ಕಾಲಿನ ಕಡೆಯಿಂದ ಶುರುಮಾಡಿದರು. ನಾನು ಪಕ್ಕದಲ್ಲಿ ಬಗ್ಗಿ ಅದನ್ನೇ ಹುಡುಕುತ್ತಿದ್ದೆ. ಎಲುಬುಗಳು ಮುಟ್ಟಿದರೆ ಉದುರುತ್ತಿದ್ದವು. ಅವುಗಳ ನಡುವೆ ಬೆಣೆಯಂಥ ಒಂದು ತುಂಡು, ಅಂಚೂ ಸವೆಯದೆ, ಬೆಳ್ಳಗೆ ಬಿದ್ದಿತ್ತು. ಎತ್ತಿಕೊಂಡು, ಲ್ಯಾಬಿನ ಅಭ್ಯಾಸ, ಉಗುರಿನಿಂದ ತಟ್ಟಿದೆ. ಟಣ್ ಎಂದಿತು. ಅಷ್ಟು ವರ್ಷ ಜೊತೆಗಿದ್ದೂ ಅದು ದೊಡ್ಡಮ್ಮನನ್ನು ಒಂದಿಷ್ಟೂ ಒಳಗೆ ಬಿಟ್ಟುಕೊಂಡಿರಲಿಲ್ಲ.

ಮಾವ ತಲೆಯೆತ್ತಿದರು. "ಎಂತ ಅದು? ಎಲುಬಾ?"

ಅವರ ಬೆನ್ನ ಹಿಂದೆ, ದೂರದಲ್ಲಿ, ಬಚ್ಚಲಿನ ಗೋಡೆ ಕಾಣುತ್ತಿತ್ತು.

"ಎಲುಬೇ ಮಾವ," ಎಂದು ಅದನ್ನು ಗಡಿಗೆಗೆ ಹಾಕಿದೆ.

ಮಾವ ಉಳಿದ ಎಲುಬುಗಳನ್ನು ಹೆಕ್ಕಿದರು. ಆಮೇಲೆ ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ ನನ್ನ ಕೈಗೆ ಕೊಟ್ಟರು. ಬಂಟ್ವಾಳದ ಹೊಳೆಯವರೆಗೂ ಅದು ನನ್ನ ತೊಡೆಯ ಮೇಲಿತ್ತು. ಜೀಪು ಕುಲುಕಿದಾಗಲೆಲ್ಲ ಒಳಗಿನಿಂದ ಆ ತುಂಡು ತಟ್ಟುತ್ತಿತ್ತು.