ದಾನೇಶ್ವರಿಯ ಬಲಗೈ

"ಸೈಕಲ್ ಬಿಡಬ್ಯಾಡ್ರಿ. ಸೈಕಲ್ಲಿನ ಹಿಡಿ ಬದಲ ಮಾಡ್ರಿ," ಎಂದರು ಡಾಕ್ಟರು, ದಾನೇಶ್ವರಿಯ ಬಲಗೈ ಹೆಬ್ಬೆರಳಿನ ಬುಡವನ್ನು ಒತ್ತಿ ನೋಡುತ್ತ. ಹದಿನೈದು ವರ್ಷದ ಹಿಂದೆ ಮುರಿದ ಎಲುಬು ಸೊಟ್ಟಗೆ ಕೂಡಿಕೊಂಡಿತ್ತು. ಅದರ ಮೇಲೆ ದಿನಾ ಮುನ್ನೂರು ಜೋಳದ ರೊಟ್ಟಿ ಬಡಿಯುವ ಕೆಲಸ. ತುಕ್ಕಾನಟ್ಟಿಯಿಂದ ಕಲ್ಲೋಳಿಯ ರೊಟ್ಟಿ ಕೇಂದ್ರಕ್ಕೆ ಅವಳು ಹೋಗಿ ಬರುತ್ತಿದ್ದದ್ದು ಅಪ್ಪ ಬದುಕಿದ್ದಾಗ ಕೊಡಿಸಿದ ರೇಸ್ ಸೈಕಲ್ಲಿನಲ್ಲೇ. ರೊಟ್ಟಿ ಬಡಿಯುವುದನ್ನು ಬಿಡುವ ಹಾಗಿರಲಿಲ್ಲ. ಸೈಕಲ್ ಬಿಡು ಅಂದಿದ್ದರೆ ಡಾಕ್ಟರ ಮಾತನ್ನು ಅವಳು ಕೇಳುತ್ತಲೂ ಇರಲಿಲ್ಲ.

ಹಿಡಿ ಎಂದರೆ ಶಿಫ್ಟರ್. ಬ್ರೇಕು, ಗೇರು ಎರಡೂ ಅದರಲ್ಲೇ. ಅಂಥ ಸಾಮಾನು ಸಿಗುವ ಅಂಗಡಿ ಗೋಕಾಕದಲ್ಲಿ ಒಂದೇ ಇತ್ತು, ಗಜಾನನ ಸರ್ ಅವರದು. ಅಲ್ಲಿಗೆ ಹೋಗಲು ಮನಸ್ಸಾಗದೆ ದಾನೇಶ್ವರಿ ಮೂರು ತಿಂಗಳು ದೂಡಿದಳು. ಆದರೆ ಹುಕ್ಕೇರಿಯಲ್ಲಿ ಮೂವತ್ತು ದಾಟಿದ ಹೆಂಗಸರಿಗೆಂದು ಸ್ಪರ್ಧೆ ಇಟ್ಟಿದ್ದರು, ಹೆಸರು ಕೊಟ್ಟಾಗಿತ್ತು. ಒಂದು ಗುರುವಾರ ಮಧ್ಯಾಹ್ನ, ಕೈಗೆ ಬಟ್ಟೆ ಸುತ್ತಿಕೊಂಡು, ಕೊಣ್ಣೂರ ದಾಟಿ ಬಂದ ಕಬ್ಬಿನ ಟ್ರ್ಯಾಕ್ಟರುಗಳ ಸಾಲನ್ನು ಹಾದು, ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿದಳು.

ಒಳಗೆ ಮೊದಲು ಕಂಡದ್ದು ತನ್ನದೇ ಫೋಟೋ. ಹತ್ತೊಂಬತ್ತರ ಹುಡುಗಿ, ಎರಡು ಜಡೆ, ಕೊರಳಲ್ಲಿ ಪದಕ. ಕೆಳಗೆ ದೊಡ್ಡ ಅಕ್ಷರದಲ್ಲಿ 'ನಮ್ಮ ಶಿಷ್ಯರು'.

"ಯಾರು, ದಾನವ್ವನ? ಎಷ್ಟ ವರ್ಷಾತವ್ವ!" ಗಜಾನನ ಸರ್ ಕುರ್ಚಿಯಿಂದ ಎದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಚಹಾ ತರಿಸಿದರು. ಕೈ ನೋವಿನ ಸಂಗತಿ ಕೇಳಿ ಲೊಚಗುಟ್ಟಿದರು.

"ಯಾವ ಕೈ?"

ದಾನೇಶ್ವರಿ ಅವರ ಮುಖವನ್ನೇ ನೋಡಿದಳು. ಅವರು ನಿಜವಾಗಿಯೂ ಮರೆತಿದ್ದರು.

ಅವಳು ಒಂದು ದಿನವೂ ಮರೆತಿರಲಿಲ್ಲ. ಆಗ ಜಿಲ್ಲಾ ತಂಡದ ಶಿಬಿರ ನಡೆಯುತ್ತಿತ್ತು. ತರಬೇತಿ ಕೊಡುತ್ತಿದ್ದವರು ಇದೇ ಗಜಾನನ ಸರ್. ಅವಳ ಬೆರಳು ಗಿಡ್ಡ. ಇಳಿಜಾರಿನಲ್ಲಿ ಬಗ್ಗಿ ಹಿಡಿದಾಗ ಬ್ರೇಕಿನ ಲಿವರ್ ಬೆರಳ ತುದಿಗಷ್ಟೇ ತಾಗುತ್ತಿತ್ತು. ಕೈ ಚಾಚಿ ಚಾಚಿ ಅಂಗೈ ಜೋಮು ಹಿಡಿಯುತ್ತಿತ್ತು. ಹೇಳಿದರೆ ಸರ್ ಎಲ್ಲರೆದುರು, "ನಿನ್ನ ಕೈ ಸಣ್ಣದಲ್ಲವ್ವ, ಮನಸ್ಸು ಸಣ್ಣದು," ಅನ್ನುತ್ತಿದ್ದರು. ಶಿಬಿರವೆಲ್ಲ ನಗುತ್ತಿತ್ತು. ಆಯ್ಕೆಯ ರೇಸಿನ ದಿನ ಗೋಕಾಕ ಫಾಲ್ಸ್ ಕಡೆಯಿಂದ ಇಳಿಯುವಾಗ ಮುಂದಿನ ತಿರುವಿಗೆ ಬ್ರೇಕ್ ಹಿಡಿಯಲು ಹೋದಳು. ಬೆರಳು ಜಾರಿತು. ರಸ್ತೆ ಪಕ್ಕದ ಜಲ್ಲಿಕಲ್ಲಿನ ರಾಶಿಗೆ ಕೈ ಊರಿ ಬಿದ್ದಳು. ಸರ್ ಕೊಟ್ಟ ವರದಿಯಲ್ಲಿ ಬರೆದದ್ದು, 'ಶಿಸ್ತಿಲ್ಲ, ನೋವಿನ ನೆಪ ಹೇಳುತ್ತಾಳೆ'. ಅವಳನ್ನು ಕೈಬಿಟ್ಟು ತಂಡಕ್ಕೆ ಆರಿಸಿದ ಮೂವರಿಗೆ ಆಟದ ಕೋಟಾದಲ್ಲಿ ನೌಕರಿ ಸಿಕ್ಕಿತು. ಇವಳಿಗೆ ಮುಂದಿನ ವರ್ಷ ಲಗ್ನ. ಐದೇ ವರ್ಷಕ್ಕೆ ಗಂಡ ಬಿಟ್ಟು, ಮತ್ತೆ ತವರು.

"ಬಲಗೈ ರೀ ಸರ್," ಅಂದಳು.

ಅಂಗಡಿಯ ಮಿಸ್ತ್ರಿ ಉದ್ದಪ್ಪ ಐವತ್ತರ ಆಸುಪಾಸಿನವನು. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತಷ್ಟೆ. ಹಳೇ ಕತೆ ಅವನಿಗೆ ಗೊತ್ತಿರಲಿಲ್ಲ. "ಹೊಸಾದು ತೋರಸೂಕ್ಕಿಂತ ಮೊದಲ ಹಳೇದ ನೋಡೂಣ್ರಿ ಅಕ್ಕಾರ," ಎಂದು ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿದ. ಶಿಫ್ಟರಿನ ಮೇಲಿನ ರಬ್ಬರ್ ಸುಲಿದು, ಒಳಗೆ ಊದಿ, ಕಣ್ಣು ಕಿರಿದು ಮಾಡಿ ನೋಡಿದ.

"ಈ ಸ್ಕ್ರೂ ಯಾರೂ ಮುಟ್ಟೇ ಇಲ್ಲಲ್ರಿ?"

"ಯಾವ ಸ್ಕ್ರೂ?"

ತೊಗರಿಕಾಳಿನಷ್ಟಿತ್ತು. ತುಕ್ಕು ಹಿಡಿದಿತ್ತು. ಉದ್ದಪ್ಪ ಎಣ್ಣೆ ಬಿಟ್ಟು, ಸ್ವಲ್ಪ ಕಾದು, ಸಣ್ಣ ಕೀಲಿಯಿಂದ ತಿರುಗಿಸಿದ. ಲಿವರ್ ಒಂದು ಬೆರಳಿನಷ್ಟು ಒಳಗೆ ಸರಿಯಿತು. "ಹಿಡೀರಿ ಈಗ."

ದಾನೇಶ್ವರಿ ಹಿಡಿದಳು. ಎರಡು ಬೆರಳು ಲಿವರಿನ ಸುತ್ತ ಪೂರ್ತಿ ಸುತ್ತಿಕೊಂಡವು.

"ಇದು ಮೊದಲಿಂದ ಇತ್ತೇನ್ರಿ?"

"ಕಂಪನಿಯಿಂದ ಬರೂವಾಗನ ಇರ್ತೈತ್ರಿ. ಸಣ್ಣ ಕೈ ಇದ್ದವ್ರಿಗಂತನ ಇಟ್ಟಿರ್ತಾರ. ನಿಮಗ ಯಾರೂ ಹೇಳಲಿಲ್ಲೇನ?"

ಅವಳು ಗಜಾನನ ಸರ್ ಕಡೆ ತಿರುಗಿದಳು. ಅವರು ಮೊಬೈಲ್ ನೋಡುತ್ತಿದ್ದರು.

"ಆವಾಗ ನಮಗರ ಯಾರ್ ಹೇಳ್ಯಾರವ್ವ? ಹೊಸಾ ಸಾಮಾನು. ನೀನರ ಬಾಯಿ ಬಿಟ್ಟ ಹೇಳಬೇಕಿತ್ತು."

"ಹೇಳಿದ್ನೆಲ್ರಿ ಸರ್. ಲಿವರ್ ಮುಟ್ಟೂದಿಲ್ಲ ಅಂತ ದಿನಾ ಹೇಳಿದ್ನಿ."

ಉದ್ದಪ್ಪ ಒಮ್ಮೆ ಅವರನ್ನು, ಒಮ್ಮೆ ಇವಳನ್ನು ನೋಡಿ, ಒಳಗಿನಿಂದ ಡಬ್ಬಿ ತರಲು ಹೋದ.

ಬ್ರೇಕು ಕೈಗೆ ಎಟುಕಿದರೂ ಗೇರಿನ ತೊಂದರೆ ಹಾಗೇ ಇತ್ತು. ಹಳೆಯದರಲ್ಲಿ ಗೇರ್ ಬದಲಿಸಲು ಇಡೀ ಲಿವರನ್ನು ಪಕ್ಕಕ್ಕೆ ನೂಕಬೇಕು. ನೂಕಿದಾಗಲೆಲ್ಲ ಹೆಬ್ಬೆರಳಿನ ಬುಡದಲ್ಲಿ ಸೂಜಿ ಚುಚ್ಚಿದಂತಾಗುತ್ತಿತ್ತು. ಉದ್ದಪ್ಪ ಮೂರು ಬಗೆಯದನ್ನು ಹಲಗೆಗೆ ಬಿಗಿದು ತೋರಿಸಿದ. ಮೊದಲನೆಯದರಲ್ಲಿ ಹೆಬ್ಬೆರಳಿನಿಂದ ಒತ್ತುವ ಗುಂಡಿ. ಒಂದೇ ಸಲಕ್ಕೆ ಅವಳು ಕೈ ಹಿಂದೆಗೆದಳು. ಎರಡನೆಯದರಲ್ಲಿ ಬ್ರೇಕಿನ ಹಿಂದೆ ಪುಟ್ಟ ಎಲೆಯಂಥ ಲಿವರ್. ಬೆರಳಿಗೆ ಹಿತ, ಆದರೆ ದೊಡ್ಡ ಗೇರಿಗೆ ಹೋಗಲು ಬಹಳ ದೂರ ಒತ್ತಬೇಕು. ಮೂರನೆಯದು ಬ್ಯಾಟರಿಯದು. ಮುಟ್ಟಿದರೆ ಸಾಕು.

"ಬೆರಳ ಅಷ್ಟ ನೋಡಬ್ಯಾಡ್ರಿ," ಅಂದ ಉದ್ದಪ್ಪ. "ಕಣ್ಣ ಮುಚ್ಚರಿ. ಅಂಗೈ ಭಾರ ಎಲ್ಲಿ ಬೀಳ್ತೈತಿ ಹೇಳ್ರಿ."

ಕಣ್ಣು ಮುಚ್ಚಿ ಒಂದೊಂದನ್ನೇ ಹಿಡಿದು ನೋಡಿದಳು. ಬ್ಯಾಟರಿಯದರ ರಬ್ಬರ್ ಹಿಡಿ ದಪ್ಪ. ಅವಳ ಗಿಡ್ಡ ಕೈಯಲ್ಲಿ ಹೆಬ್ಬೆರಳು ಅಗಲವಾಗಿ ಸೀಳಿದಂತೆ ಕೂರುತ್ತಿತ್ತು. ಎರಡನೆಯದು ತೆಳ್ಳಗಿತ್ತು, ಭಾರ ಅಂಗೈಯ ನಡುವೆ ಬೀಳುತ್ತಿತ್ತು. ಅರ್ಧ ಗಂಟೆ ಅದನ್ನು ಇದನ್ನು ಹಿಡಿದು, ಎರಡನೆಯದನ್ನೇ ಆರಿಸಿದಳು. ಹಿಂದಿನ ಚಕ್ರದ ಗೇರನ್ನು ಎಡಗೈಗೆ ಜೋಡಿಸಿಕೊಡುವುದಾಗಿ ಉದ್ದಪ್ಪ ತಾನೇ ಹೇಳಿದ. ಹೆಚ್ಚು ಸಲ ಬದಲಿಸುವುದು ಅದೇ. ಎಡಗೈಗೆ ಬಂದರೆ ಬಲಗೈಗೆ ಬಿಡುವು. ಸಂಜೆಯೊಳಗೆ ಎಲ್ಲ ಜೋಡಿಸಿ ಮುಗಿಸಿದ.

ಗಜಾನನ ಸರ್ ಹತ್ತಿರ ಬಂದರು. "ರೊಕ್ಕ ಬ್ಯಾಡವ್ವ. ಹುಕ್ಕೇರಿ ರೇಸಿನ್ಯಾಗ ನಮ್ಮ ಅಂಗಡಿ ಬನಿಯನ್ ಹಾಕ್ಕೋ, ಸಾಕು."

"ರೊಕ್ಕ ತಂದೇನ್ರಿ. ನನಗ ಬ್ಯಾರೆ ಒಂದು ಬೇಕಾಗಿತ್ತು."

"ಏನು?"

"ಅವತ್ತ ನಾ ನೆಪ ಹೇಳಿರಲಿಲ್ಲ ಅಂತ ಒಂದು ಹಾಳಿ ಮ್ಯಾಲೆ ಬರದು ಸಹಿ ಮಾಡಿ ಕೊಡ್ರಿ."

ಅವರು ನಕ್ಕರು. ಹಳೆಯ ನಗುವೇ. "ಹುಚ್ಚಿ, ಈಗ ಅದನ್ನ ತಗೊಂಡು ಏನ್ ಮಾಡ್ತಿ? ನೌಕರಿ ಕೊಡ್ತಾರೇನು?"

ನಿಜವೇ, ಯಾರಿಗೂ ಅದು ಬೇಕಿರಲಿಲ್ಲ. ದಾನೇಶ್ವರಿ ರೊಕ್ಕ ಎಣಿಸಿ ಗಲ್ಲಾದ ಮೇಲಿಟ್ಟಳು. ಸ್ಟೂಲ್ ಎಳೆದುಕೊಂಡು ಹತ್ತಿ, ಗೋಡೆಯ ಮೇಲಿನ ತನ್ನ ಫೋಟೋ ಇಳಿಸಿ ಚೀಲಕ್ಕೆ ಹಾಕಿಕೊಂಡಳು. "ಏ, ಅದು ಅಂಗಡೀದು!" ಎಂದು ಸರ್ ಕೂಗಿದರು. ಉದ್ದಪ್ಪ ಸ್ಟೂಲ್ ಅಲುಗದಂತೆ ಹಿಡಿದುಕೊಂಡಿದ್ದ.

ಮನೆಗೆ ಬಂದು ಸ್ಕ್ರೂವಿನ ಸಂಗತಿಯನ್ನೆಲ್ಲ ತಾಯಿಗೆ ಹೇಳಿದಳು. ಭರಮವ್ವ ಅಂದು ಮಗಳ ಮಾತು ಬಿಟ್ಟು ಸರ್ ಮಾತು ನಂಬಿದವಳು. 'ನಮ್ಮ ದಾನಿ ಮೈಗಳ್ಳಿ' ಎಂದು ನೆರೆಯವರ ಮುಂದೆಯೂ ಆಡಿದವಳು. ಈಗ ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಎಲ್ಲ ಕೇಳಿದಳು.

"ಆಗಿದ್ದು ಆತು ಬಿಡ. ಆ ಮನಷ್ಯಾರ ಏನ್ ಬೇಕಂತ ಮಾಡಿದ್ರೇನ?"

"ಬೇಕಂತ ಮಾಡಿದ್ರ ಸಿಟ್ಟರ ಬರ್ತಿತ್ತು ಯವ್ವಾ," ಅಂದಳು ದಾನೇಶ್ವರಿ. ಭರಮವ್ವ ಮೊರ ಕೊಡವಿ ಒಳಗೆ ಹೋದಳು.

ಹುಕ್ಕೇರಿಯ ರೇಸಿನಲ್ಲಿ ಇಪ್ಪತ್ತೆರಡು ಹೆಂಗಸರಿದ್ದರು. ದಾನೇಶ್ವರಿ ನಾಲ್ಕನೆಯವಳಾಗಿ ಬಂದಳು. ಇಳಿಜಾರಿನಲ್ಲಿ ಅವಳನ್ನು ಯಾರೂ ಹಿಂದೆ ಹಾಕಲಿಲ್ಲ; ಬೇಕಾದಾಗ ಬ್ರೇಕ್ ಹಿಡಿಯಿತು, ಕೈ ನೋಯಲಿಲ್ಲ. ಏರಿನಲ್ಲಿ ಮಾತ್ರ ಮೂವರು ಮುಂದೆ ಹೋದರು. ಅವರು ಹೋಗುವುದನ್ನು ನೋಡುತ್ತ ತುಳಿದಳು. ಕಾಲಿಗೆ ಮೂವತ್ನಾಲ್ಕು ವರ್ಷವಾಗಿತ್ತು. ಅದಕ್ಕೆ ತಿರುಗಿಸುವ ಸ್ಕ್ರೂ ಯಾವುದೂ ಇರಲಿಲ್ಲ.

ಮೈಕಿನಲ್ಲಿ ಮೊದಲ ಮೂವರ ಹೆಸರು ಕೂಗಿದರು. ಅವಳು ನೀರು ಕುಡಿದು, ಎದೆಯ ಮೇಲಿನ ನಂಬರ್ ಬಿಚ್ಚಿ ಮೇಜಿನ ಮೇಲಿಟ್ಟಳು. ಸೋಮವಾರ ಒಂದು ಲಗ್ನಕ್ಕೆ ಐನೂರು ರೊಟ್ಟಿ ಹೇಳಿದ್ದರು; ಹಿಟ್ಟು ಬೀಸಿಸಬೇಕಿತ್ತು. ಬಿಸಿಲು ಏರುವ ಮುನ್ನವೇ ಹುಕ್ಕೇರಿ ಬಿಟ್ಟಳು.