ಮುಂದಿನ ಗಾಲಿಯ ಉಸಿರು

ಗಾಳಿ ಒಮ್ಮೆಲೇ ಹೋದರೆ ನನಗೆ ಸಿಟ್ಟು ಬರುವುದಿಲ್ಲ. ಮುಳ್ಳು ಚುಚ್ಚಿತು, ಪಂಕ್ಚರ್ ಆಯಿತು, ಹಾಕಿಸಿಕೊಂಡು ಬಂದೆವು, ಮುಗಿಯಿತು. ಆದರೆ ಸದ್ದಿಲ್ಲದೆ, ಯಾರ ಕಣ್ಣಿಗೂ ಬೀಳದೆ, ಸ್ವಲ್ಪ ಸ್ವಲ್ಪವೇ ಹೋಗುತ್ತದಲ್ಲ, ಅದು ಮನುಷ್ಯರ ತಲೆ ಕೆಡಿಸುತ್ತದೆ. ನಮ್ಮ ಸಣ್ಣ ಟ್ರ್ಯಾಕ್ಟರಿನ ಮುಂದಿನ ಬಲಗಡೆಯ ಗಾಲಿ ಒಂದು ಮಳೆಗಾಲವಿಡೀ ನನ್ನ ಜೀವ ತಿಂದಿತ್ತು.

ದೊಡವಾಡದ ಹತ್ತಿರದ ಊರು ನಮ್ಮದು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಎತ್ತು ಮಾರಿ ಟ್ರ್ಯಾಕ್ಟರ್ ತಂದಿದ್ದೆವು. ಹತ್ತಿಯ ಸಾಲಿನ ನಡುವೆ ಎಡೆ ಹೊಡೆದು ಕಸ ತೆಗೆಯಲು ಹೇಳಿ ಮಾಡಿಸಿದಂಥದ್ದು. ತಂದ ಮರುವರ್ಷವೇ ನಮ್ಮ ಯಜಮಾನರು ಮೇವಿನ ಬಣವೆಯಿಂದ ಜಾರಿ ಬಿದ್ದು ಎಡ ಮೊಣಕಾಲು ಮುರಿದುಕೊಂಡರು. ಕ್ಲಚ್ ತುಳಿಯುವ ಕಾಲು ಅದೇ. ಹೊಲದಲ್ಲಿ ಕಸ ಎದ್ದು ನಿಂತಿತ್ತು. ನಾನು ಸೀರೆಯ ಕಚ್ಚೆ ಬಿಗಿದು ಸೀಟಿನ ಮೇಲೆ ಕೂತೆ. ಕಲಿಸಿದವರು ಅವರೇ, ಬದುವಿನ ಮೇಲೆ ಕೂತು ಬೈಯುತ್ತ ಬೈಯುತ್ತ. ಒಂದೂ ಹತ್ತಿ ಗಿಡ ಮುರಿಯದೆ ಮೊದಲ ಸಾಲು ಮುಗಿಸಿದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ. ಅಂದು ರೊಟ್ಟಿ ಬಡಿಯುವಾಗಲೂ ಕೈ ಸ್ಟೇರಿಂಗ್ ತಿರುಗಿಸಿದಂತೆಯೇ ತಿರುಗುತ್ತಿತ್ತು.

ಆಮೇಲೆ ಶುರುವಾಯಿತು ಈ ಪೀಡೆ. ಭಾನುವಾರದವರೆಗೆ ಗಟ್ಟಿಯಾಗಿರುವ ಗಾಲಿ ಮಂಗಳವಾರ ಬೆಳಿಗ್ಗೆ ನೋಡಿದರೆ ನೆಲಕ್ಕೆ ಕೂತಿರುತ್ತಿತ್ತು. ನಡುವಿನ ಸೋಮವಾರ ಟ್ರ್ಯಾಕ್ಟರ್ ಹೊರಗೇ ಹೋಗುತ್ತಿರಲಿಲ್ಲ. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಎತ್ತು ಹೋದರೂ ನಮ್ಮ ಮಾವ ಆ ನೇಮ ಬಿಟ್ಟಿರಲಿಲ್ಲ.

“ಎತ್ತಿನ ಕೆಲಸ ಮಾಡತೈತಿ ಅಂದಮ್ಯಾಲ ಅದಕ್ಕೂ ಒಂದಿನ ಸೂಟಿ ಬ್ಯಾಡೇನು?” ಎಂದು ಟ್ರ್ಯಾಕ್ಟರನ್ನು ಬೇವಿನ ಗಿಡದ ಕೆಳಗೆ ನಿಲ್ಲಿಸುತ್ತಿದ್ದರು.

ಮಂಗಳವಾರ ಬಂತೆಂದರೆ ನಾನು ಕೈಪಂಪು ಹಿಡಿದು ನಿಲ್ಲುತ್ತಿದ್ದೆ. ಮುನ್ನೂರು ಸಲ ಒತ್ತಬೇಕು. ಸೊಂಟ ಹಿಡಿದುಕೊಳ್ಳುತ್ತಿತ್ತು. ಒತ್ತಿದ ಗಾಳಿಯೂ ಮಧ್ಯಾಹ್ನದ ಹೊತ್ತಿಗೆ ಅರ್ಧ ಇಳಿದು, ಸ್ಟೇರಿಂಗ್ ಬಲಕ್ಕೆ ಎಳೆದು, ಎಷ್ಟು ಗಿಡಗಳು ಮುರಿದವೋ ಏನೋ. ಬುಧವಾರ ಮತ್ತೊಮ್ಮೆ ಒತ್ತಿದರೆ ಹೇಗೋ ಭಾನುವಾರದವರೆಗೆ ನಿಲ್ಲುತ್ತಿತ್ತು. ಎದುರು ಮನೆಯ ಕಟ್ಟೆಯ ಮೇಲಿನ ಗಂಡಸರಿಗೆ ಅದೊಂದು ತಮಾಷೆ.

“ಹೆಂಗಸ್ರ ಕೈಗುಣ ನೋಡ್ರಿ, ಗಾಳಿ ಸೈತ ನಿಂದ್ರವಲ್ದು.”

“ನಿಮ್ಮ ಬಾಯಾಗಿಂದು ಒಂದೀಟ ಇತ್ತ ಕೊಡ್ರಿ, ನಾಕೂ ಗಾಲಿ ತುಂಬತಾವ,” ಎಂದೆ ನಾನೂ. ನಕ್ಕರು. ಆದರೆ ಆ ‘ಕೈಗುಣ’ದ ಮಾತು ನನಗೆ ಚುಚ್ಚಿತ್ತು.

ಟ್ಯೂಬನ್ನು ಎರಡು ಸಲ ದೊಡವಾಡಕ್ಕೆ ಹೊತ್ತುಕೊಂಡು ಹೋದೆ. ಪಂಕ್ಚರ್ ಅಂಗಡಿಯವನು ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿ ತಿರುಗಿಸಿದ. ಒಂದು ಗುಳ್ಳೆಯೂ ಏಳಲಿಲ್ಲ. ಎರಡನೆಯ ಸಲ ಹೋಗಿ ಬಂದ ಮೇಲೂ ಮಂಗಳವಾರ ಗಾಲಿ ಕೂತದ್ದು ನೋಡಿ ನಮ್ಮ ಯಜಮಾನರಿಗೆ ಸಾಕಾಯಿತು.

“ಮುಂದಿನ ಮಂಗಳವಾರ ಡ್ರೈವರ್ ಬರತಾನ. ಹೇಳೀನಿ. ಮಳಿ ನಿಂತೈತಿ, ಈಗ ಎಡಿ ಹೊಡೀಲಿಲ್ಲಂದ್ರ ಬೆಳಿ ಕಸದಾಗ ಹೊಕ್ಕತಿ. ನೀ ಇಳದಬಿಡು,” ಎಂದರು.

“ಗಾಲಿ ಕುಂತದ್ದಕ್ಕ ನಾ ಯಾಕ ಇಳೀಬೇಕ್ರಿ?”

ಮಾವ ಕಂಬಕ್ಕೆ ಒರಗಿ ಕೂತು ಎಲ್ಲ ಕೇಳಿಸಿಕೊಂಡರು. ನನಗೆ ಹಟ ಹುಟ್ಟಿತು. ಇಳಿಸುವುದಾದರೆ ಇಳಿಸಲಿ, ಆದರೆ ಈ ಗಾಳಿ ಎಲ್ಲಿಂದ ಹೋಗುತ್ತದೆ ಎಂದು ಕಂಡುಹಿಡಿಯದೆ ನಾನು ಇಳಿಯುವವಳಲ್ಲ.

ಮರುದಿನ ಟ್ಯೂಬನ್ನು ಚೀಲದಲ್ಲಿ ಹಾಕಿಕೊಂಡು, ಎರಡು ಬಸ್ಸು ಬದಲಿಸಿ ಉಗರಗೋಳಕ್ಕೆ ಹೋದೆ. ಅಲ್ಲಿನ ದೇವಿಯ ಗುಡ್ಡಕ್ಕೆ ಜಾತ್ರೆಗೆಂದು ಟ್ರ್ಯಾಕ್ಟರ್ ಕಟ್ಟಿಕೊಂಡು ಬರುವವರ ಗಾಲಿಗಳನ್ನೆಲ್ಲ ನೋಡಿ ನೋಡಿ ಪಳಗಿದ ಮುದುಕನೊಬ್ಬ ಅಲ್ಲಿ ಪಂಕ್ಚರ್ ತಿದ್ದುತ್ತಿದ್ದ. ಅವನೂ ನೀರಿನಲ್ಲಿ ಮುಳುಗಿಸಿದ. ಗುಳ್ಳೆ ಇಲ್ಲ.

“ಅಕ್ಕಾರ, ಟ್ಯೂಬ್ ಚಲೋ ಐತಿ. ಗಾಳಿ ಹೋಗೂದು ನಿಮ್ಮ ಮನ್ಯಾಗ,” ಎಂದ.

ನನಗೆ ಸಿಟ್ಟು ನೆತ್ತಿಗೇರಿತು. ಅವನು ನಗುತ್ತ, ಗಾಳಿ ಹಾಕುವ ನಳಿಗೆಯನ್ನು ಹಿಡಿದು ತೋರಿಸಿದ. ಅದಕ್ಕೆ ವಾಲ್ ಅನ್ನುತ್ತಾರೆ. ಒಳಗೆ ಸೂಜಿಯಂಥ ಒಂದು ಪಿನ್ನು. ಅದನ್ನು ಒತ್ತಿದರೆ ಬಾಯಿ ತೆರೆಯುತ್ತದೆ, ಬಿಟ್ಟರೆ ಮುಚ್ಚುತ್ತದೆ.

“ಇದರ ಬಾಯಾಗ ಒಂದ ಕಣ ಉಸುಕು ಹೊಕ್ರೂ ಸಾಕು, ಪೂರ್ತಿ ಮುಚ್ಚಂಗಿಲ್ಲ. ನಾವು ಇಲ್ಲಿ ಪಿನ್ನು ತಗದು ಗಾಳಿ ಬಿಟ್ಟಕೂಡ್ಲೆ ಕಸರು ಹಾರಿ ಹೋಗತೈತಿ, ನಿಮಗ ಗುಳ್ಳಿ ಎಲ್ಲಿಂದ ಕಾಣಬೇಕು? ಮನ್ಯಾಗ ದಿನಾ ಇದರ ಬಾಯಿಗೆ ಉಗುಳು ಹಚ್ಚಿ ನೋಡ್ರಿ. ಗುಳ್ಳಿ ಎದ್ದ ದಿನಾ ಕಳ್ಳ ಸಿಕ್ಕಂಗ.” ಒಂದು ಹೊಸ ಪಿನ್ನನ್ನೂ ಕೈಗೆ ಹಾಕಿ, ಬಿಗಿಯುವುದನ್ನು ಕಲಿಸಿದ.

ಗುರುವಾರ ಉಗುಳು ಹಚ್ಚಿದೆ, ಗುಳ್ಳೆ ಇಲ್ಲ. ಶುಕ್ರವಾರ ಇಲ್ಲ. ಭಾನುವಾರ ಸಂಜೆಯೂ ಇಲ್ಲ. ಹಾಗಾದರೆ ಏನಾಗುವುದಿದ್ದರೂ ಸೋಮವಾರವೇ ಆಗಬೇಕು. ಸೋಮವಾರ ನಾನು ಹಳ್ಳಕ್ಕೆ ಬಟ್ಟೆ ಒಗೆಯಲು ಹೋಗುವ ದಿನ. ಅಂದು ಹೋಗಲಿಲ್ಲ. ಮೊರದಲ್ಲಿ ಕಡಲೆ ಹಾಕಿಕೊಂಡು, ಆರಿಸುವ ನೆಪದಲ್ಲಿ ಬಾಗಿಲ ಒಳಗೆ ಕೂತೆ.

ಮಾವ ಸ್ನಾನ ಮಾಡಿ ಕೊಡ ಹಿಡಿದುಕೊಂಡು ಬಂದರು. ಅವರು ಪ್ರತಿ ಸೋಮವಾರ ಟ್ರ್ಯಾಕ್ಟರ್ ತೊಳೆಯುವುದು ನನಗೆ ಗೊತ್ತಿತ್ತು, ನಿಂತು ನೋಡಿರಲಿಲ್ಲ. ಎತ್ತಿನ ಮೈ ತೊಳೆದಂತೆಯೇ ತೊಳೆದರು. ಬಾನೆಟ್ಟಿಗೆ ಮೂರು ಬೆರಳಿನ ವಿಭೂತಿ ಎಳೆದರು. ಆಮೇಲೆ ಮುಂದಿನ ಎಡಗಾಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ವಾಲಿನ ಟೋಪಿ ತಿರುವಿದರು. ಅದು ತುಕ್ಕು ಹಿಡಿದು ಕೂತಿತ್ತು, ಬರಲಿಲ್ಲ. ಬಲಗಾಲಿಗೆ ಬಂದರು. ಟೋಪಿ ಬಿಚ್ಚಿದರು. ಒದ್ದೆ ಬೆರಳಿನಿಂದ ಅದರ ಬಾಯಿಗೆ ವಿಭೂತಿ ಮೆತ್ತಿ, ಉಗುರಿನಿಂದ ಪಿನ್ನು ಒತ್ತಿ ಕಿವಿ ಕೊಟ್ಟರು. ಪುಸ್ ಎಂದಿತು.

“ಹಾಂ, ಉಸರ ಐತಿ,” ಎಂದು ಸಮಾಧಾನದಿಂದ ಟೋಪಿ ಹಾಕಿದರು.

ನನಗೆ ಮೊರ ಎಲ್ಲಿ ಬಿತ್ತೋ ತಿಳಿಯಲಿಲ್ಲ. “ಮಾವಾರ! ಕೈ ತಗೀರಿ! ಗಾಳಿ ತಗ್ಯಾವ್ರು ನೀವ ಏನ್ರಿ?” ಎಂದು ಕೂಗುತ್ತ ಓಡಿದೆ. ಟೋಪಿ ಬಿಚ್ಚಿ ಉಗುಳು ಹಚ್ಚಿದೆ. ಸಾಸಿವೆಯಷ್ಟು ಗುಳ್ಳೆ ಎದ್ದು ಒಡೆಯಿತು. ಮತ್ತೊಂದು ಎದ್ದಿತು.

ಅವರು ಆ ಗುಳ್ಳೆಯನ್ನೇ ನೋಡಿದರು. “ನಾ ಉಸರ ನೋಡೀನವ್ವಾ. ಎತ್ತಿಂದು ಮೂಗು ಒರಸಿ ನೋಡತಿದ್ನೆಲ್ಲ, ಹಂಗ. ಇದಕ್ಕ ಮೂಗು ಇದ ಐತಿ ಅಂತ...”

ಬಾಯಿಯಿಂದ ಹೋದ ಮಾತನ್ನು ಹಿಂದೆ ತೆಗೆದುಕೊಳ್ಳಲು ಆಗುತ್ತದೆಯೇ? ನಾನು ಸೊಸೆಯಾಗಿ ಬಂದು ಇಪ್ಪತ್ತು ವರ್ಷವಾಗಿತ್ತು, ಆ ಮನುಷ್ಯ ನನ್ನೊಡನೆ ಒಂದು ದಿನವೂ ಏರುದನಿಯಲ್ಲಿ ಮಾತಾಡಿರಲಿಲ್ಲ. ನನಗೆ ನಾಚಿಕೆಯಾಯಿತು. ಅವರು ಎದ್ದು ಒಳಗೆ ಹೋದರು. ಅಂದು ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. ನಾನು ಹಳೆಯ ಪಿನ್ನು ಬಿಚ್ಚಿ, ನಳಿಗೆ ಊದಿ, ಉಗರಗೋಳದ ಹೊಸ ಪಿನ್ನು ಬಿಗಿದು ಮುನ್ನೂರು ಪಂಪು ಒತ್ತಿದೆ. ಯಾರಿಗೂ ಹೇಳಲಿಲ್ಲ.

ಮಂಗಳವಾರ ಬೆಳಿಗ್ಗೆ ಗಾಲಿ ಗಟ್ಟಿಯಾಗಿ ನಿಂತಿತ್ತು. ಡ್ರೈವರೂ ಬಂದು ನಿಂತಿದ್ದ. ಕಟ್ಟೆಯ ಗಂಡಸರೂ ಕೂಡಿದ್ದರು.

“ಗಾಲಿ ನಿಂತೈತ್ರಿ, ನೋಡ್ರಿ,” ಎಂದೆ.

“ಒಂದಿನ ನಿಂತ್ರ ಆತೇನು? ಮುಂದಿನ ವಾರ ಮತ್ತ ಕುಂದರತೈತಿ. ಕೀಲಿಕೈ ಅವಂಗ ಕೊಡು,” ಎಂದರು ಯಜಮಾನರು.

ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಒಂದೇ ಮಾತು ಹೇಳಿದ್ದರೆ ಸಾಕಿತ್ತು. ಆದರೆ ಇಷ್ಟು ಜನರ ಮುಂದೆ, ಎಂಬತ್ತರ ಹತ್ತಿರದ ಮುದುಕನನ್ನು ನಗೆಪಾಟಲು ಮಾಡಿ ಆ ಸೀಟು ಉಳಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಸೊಂಟದಿಂದ ಕೀಲಿಕೈ ತೆಗೆದೆ. ಕಣ್ಣು ತುಂಬಿತ್ತು.

ಆಗ ಒಳಗಿನಿಂದ ಕೋಲಿನ ಸದ್ದಾಯಿತು. ಮಾವ ಹೊಸ್ತಿಲ ಮೇಲೆ ಬಂದು ನಿಂತರು.

“ಗಾಳಿ ತಗದಾವ ನಾನು. ಪ್ರತಿ ಸೋಮಾರ ವಿಭೂತಿ ಮೆತ್ತಿ ಉಸರ ನೋಡಾಕ ಹೋಗಿ ನಾನ ತಗದೇನಿ. ಬಿಡಸೂದಿದ್ರ ನನ್ನ ಬಿಡಸ್ರಿ. ಆಕಿನ್ಯಾಕ ಬಿಡಸ್ತೀರಿ?”

ಕಟ್ಟೆಯ ಮೇಲೆ ಒಬ್ಬರೂ ನಗಲಿಲ್ಲ. ಯಜಮಾನರು ತಮ್ಮ ಮೊಣಕಾಲನ್ನೇ ನೋಡಿಕೊಳ್ಳುತ್ತ ಕೂತರು. ಡ್ರೈವರ್ ಚಹಾ ಕುಡಿದು ಬಂದ ದಾರಿಯಲ್ಲೇ ಹೋದ. ನಾನು ಸೀಟು ಹತ್ತಿ ಹೊಲಕ್ಕೆ ಹೊಡೆದೆ. ಆ ದಿನ ಕತ್ತಲಾಗುವುದರೊಳಗೆ ಮೂರು ಎಕರೆ ಎಡೆ ಮುಗಿಯಿತು.

ಮುಂದಿನ ಸೋಮವಾರ ಮಾವ ಟ್ರ್ಯಾಕ್ಟರ್ ತೊಳೆದು, ಬಾನೆಟ್ಟಿಗೆ ವಿಭೂತಿ ಎಳೆದು, ಗಾಲಿಯಿಂದ ಮಾರು ದೂರ ಸರಿದು ನಿಂತರು. ಕೈ ಹಿಂದೆ ಕಟ್ಟಿಕೊಂಡಿದ್ದರು. ಮುಟ್ಟಬಾರದೆಂದು ತಮಗೆ ತಾವೇ ಹೇಳಿಕೊಂಡಂತಿತ್ತು.

“ಯವ್ವಾ, ಉಸರ ಐತೇನು ನೋಡು,” ಎಂದರು.

ನಾನು ಕೂತು ಟೋಪಿ ಬಿಚ್ಚಿ, ಬೆರಳಿಗೆ ಉಗುಳು ಹಚ್ಚಿಕೊಂಡು ವಾಲಿನ ಬಾಯಿಗೆ ಇಟ್ಟೆ. ಗುಳ್ಳೆ ಏಳಲಿಲ್ಲ.

“ಐತ್ರಿ ಮಾವಾರ,” ಎಂದೆ.