ರಸ್ತೆ ದಾಟಿ ಬಂದ ಇಮಾಮ್‌ಸಾಬ ಕಾಕಾ

ದುರ್ಗದಬೈಲಿನಲ್ಲಿ ಗುರುತಿನವರು ಎದುರಾದರೆ ಇಮಾಮ್‌ಸಾಬ ಕಾಕಾ ರಸ್ತೆ ದಾಟಿ ಆಚೆ ಬದಿಗೆ ಹೋಗಿಬಿಡುತ್ತಿದ್ದರು. ದವಾಖಾನೆಯ ಹೆಣ ಕೊಯ್ಯುವ ಕೋಣೆಯಲ್ಲಿ ಅವರ ಚಾಕರಿ. ಡಾಕ್ಟರರು ನೋಡಿ ಮುಗಿಸಿದ ಮೇಲೆ ದೇಹ ಹೊಲಿದು, ತಲೆ ಬಾಚಿ, ಮನೆಯವರಿಗೆ ಒಪ್ಪಿಸುತ್ತಿದ್ದರು. ಹೊಲಿದವರ ಒಂದು ಮುಖವನ್ನೂ ಮರೆತವರಲ್ಲ. "ನನ್ನ ಸಲಾಮು ಮುಂಜಾನೆದ್ದು ಯಾರಿಗೂ ಬ್ಯಾಡ," ಎನ್ನುತ್ತ ಬಾಯಿಗೊಂದು ಲವಂಗ ಹಾಕಿಕೊಳ್ಳುವರು.

ಅಂಥವರು ಒಂದು ದಿನ ರಸ್ತೆ ದಾಟಿ ನನ್ನ ಕಡೆಗೇ ಬಂದರು. ಅಣ್ಣ ಕುಸ್ತಿಯ ಕಣದಲ್ಲಿ ಕುಸಿದು ಸತ್ತು ಹದಿನೈದು ದಿನವಾಗಿತ್ತು. ನಾನು ಚಿಕ್ಕವನಿದ್ದಾಗ ಅಪ್ಪನೂ ಅರಳೆ ಗಿರಣಿಯಲ್ಲಿ ಭಾರ ಎತ್ತುವಾಗ ಹೀಗೇ ಹೋಗಿದ್ದ. ಓಣಿಯವರು ದೃಷ್ಟಿ ತಾಗಿತು ಎಂದರು. ನಾನು ಮತ್ತೆ ಗರಡಿಗೆ ಹೊರಟಿದ್ದೆ.

"ತಮ್ಮಾ, ನಿಮ್ಮಪ್ಪನ ಗುಂಡಿಗಿ ನೋಡೇನಿ, ನಿಮ್ಮಣ್ಣಂದೂ ನೋಡೇನಿ. ಎರಡೂ ಒಂದ ನಮೂನಿ. ಗ್ವಾಡಿ ದಪ್ಪ, ಒಳಗ ಜಾಗಾನ ಇಲ್ಲ. ಡಾಕ್ಟರು ಬದಲಿ ಆಗಿ ಹೋಗ್ತಾರ, ಎರಡನೂ ಕಂಡಾವ ನಾ ಒಬ್ಬನ. ಕುಸ್ತಿ ಬಿಡು."

ಮರುದಿನ ಅವರೇ ಕೈಹಿಡಿದು ಡಾಕ್ಟರರ ಮುಂದೆ ನಿಲ್ಲಿಸಿದರು. ಡಾಕ್ಟರರು ನನ್ನ ಎದೆಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು. ಓಡಬೇಡ, ಭಾರ ಎತ್ತಬೇಡ, ಇದಕ್ಕೆ ಔಷಧವಿಲ್ಲ ಎಂದರು. ಅಂದಿನಿಂದ ನನ್ನ ಎದೆಗೂಡಿನಲ್ಲಿ ನಾನೇ ಕೈದಿ. ಬಡಿತ ಎಣಿಸುತ್ತ ಮಲಗುವುದು, ಎಣಿಸುತ್ತ ಏಳುವುದು. ಗರಡಿಯ ಗೆಳೆಯರು ಹೇಡಿ ಎಂದು ಆಡಿಕೊಂಡರು. ಆ ಸಿಟ್ಟೆಲ್ಲ ಕಾಕಾನ ಮೇಲೆ ಕಾರಿದೆ.

"ಯಾಕರ ಹೇಳಿದ್ರಿ ಕಾಕಾ?"

"ಹೇಡಿ ಅನ್ಲಿ ಬಿಡು. ಅನ್ನಿಸ್ಕೊಳ್ಳಾಕ ಜೀವ ಇರಬೇಕಲ್ಲ."

ಮದುವೆಯಾಗಿ ಮಗ ಹುಟ್ಟಿದ; ಅವನು ಬೆಳೆಯತೊಡಗಿದಂತೆ ನನ್ನ ಸೆರೆಯ ಗೋಡೆ ಇನ್ನೂ ಬಿಗಿಯಾಯಿತು. ಹೇಳಿದರೆ ಅವನೂ ನನ್ನಂತೆ ಒಳಗೇ ಸಿಕ್ಕಿಬೀಳುತ್ತಾನೆ, ಹೇಳದಿದ್ದರೆ ಅಣ್ಣನ ದಾರಿ. ಯುದ್ಧದ ಕಾಲದಲ್ಲಿ ಕಾಕಾ ಹಾಸಿಗೆ ಹಿಡಿದಾಗ ಅವರಿಗೇ ಗಂಟು ಬಿದ್ದೆ.

"ನಾ ಸತ್ತ ಮ್ಯಾಲೆ ನನ್ನ ಗುಂಡಿಗಿ ನೋಡಿ, ಮಗಗ ನೀವ ಹೇಳ್ರಿ. ನನಗ ಧೈರ್ಯ ಸಾಲವಲ್ದು."

ಕಾಕಾ ಕೆಮ್ಮುತ್ತಲೇ ನಕ್ಕರು. "ಸತ್ತಾವರಿಗೆ ನನ್ನ ಕತ್ತರಿ ಬೇಕು. ನಿನಗ ಬಾಯಿ ಐತಲ್ಲೋ ತಮ್ಮಾ."

ಆ ವಾರವೇ ತೀರಿಕೊಂಡರು. ನಾನು ಮಗನಿಗೆ ಹೇಳಲಿಲ್ಲ. ನಾಳೆ, ನಾಡಿದ್ದು ಎನ್ನುತ್ತ ವರ್ಷಗಳೇ ಕಳೆದವು.

ಸ್ವರಾಜ್ಯ ಬಂದ ವರ್ಷ, ಒಂದು ಮುಂಜಾನೆ, ಗರಡಿಯ ಮುಂದೆ ಮಗನನ್ನು ಕಂಡೆ. ಮೈಗೆ ಎಣ್ಣೆ ಹಚ್ಚಿಕೊಂಡು ನಿಂತಿದ್ದ. ಎಷ್ಟು ಚಂದ ಕಾಣುತ್ತಿದ್ದ ನನ್ನ ಮಗ. ಆಚೆ ಬದಿಯಲ್ಲಿದ್ದ ನನ್ನನ್ನು ನೋಡಿ ನಕ್ಕ. ಆ ನಗೆಯನ್ನು ಇನ್ನೊಂದು ಗಳಿಗೆ ನೋಡುತ್ತ ನಿಂತು, ರಸ್ತೆ ದಾಟಿದೆ.